ಉಬ್ಬಕ್ಷರ ಉಬ್ಬದಿದ್ದರೆ ಎಲ್ಲಿ ನೋಡಬೇಕು: ಹೀಟ್ ಎಂಬಾಸಿಂಗ್ ಕಾರ್ಡಿನ ದೋಷ ನಿವಾರಣೆ

ಕಳೆದ ಆಷಾಢದಲ್ಲಿ ಒಂದು ಸಂಜೆ ತೀರ್ಥಹಳ್ಳಿಯಿಂದ ಅಕ್ಕನ ಮಗಳು ವಿಡಿಯೊ ಕಾಲ್ ಮಾಡಿದಳು. ನಮ್ಮಪ್ಪನಿಗೆ, ಅಂದರೆ ಅವಳ ಅಜ್ಜನಿಗೆ, 80 ತುಂಬುತ್ತಿತ್ತು. ಕಡುನೀಲಿ ಶೀಟಿನ ಮೇಲೆ ಬಂಗಾರದ ಬಣ್ಣದ ಉಬ್ಬಕ್ಷರ ಹಾಕಿ ಕಾರ್ಡ್ ಮಾಡಲು ಕೂತಿದ್ದಳು. ತೋರಿಸಿದ ಕಾರ್ಡ್ ನೋಡಿದರೆ ಅಕ್ಷರಗಳು ರವೆ ಮೆತ್ತಿದ ಹಾಗೆ ತರಿತರಿ. ಸುತ್ತಲೂ ಬಂಗಾರದ ಧೂಳು.

"ಚಿಕ್ಕಮ್ಮ, ಈ ಗನ್ ಹಾಳಾಗಿದೆ. ಬೇರೆ ತರಿಸ್ಲಾ?"

"ಮೊದಲು ಅದನ್ನ ಆಫ್ ಮಾಡು. ಇನ್ನೊಂದು ಶೀಟಿಗೆ ಅಚ್ಚು ಒತ್ತಿ, ಪುಡಿ ಹಾಕಿ, ಕಾಯಿಸೋ ಮೊದಲು ನನಗೆ ತೋರಿಸು" ಅಂದೆ.

ಈ ಕೆಲಸದಲ್ಲಿ ಎಲ್ಲರೂ ಮೊದಲು ಬೈಯುವುದು ಬಿಸಿ ಗಾಳಿ ಊದುವ ಹೀಟ್ ಗನ್ನನ್ನೇ. ಸದ್ದು ಮಾಡುವ ಸಾಮಾನು ಅದೊಂದೇ ಅಲ್ವಾ, ಅದಕ್ಕೇ ಇರಬೇಕು. ಆದರೆ ಬಹಳ ಸಲ ಕಾರ್ಡ್ ಕೆಡುವುದು ಗನ್ನಿನ ಸ್ವಿಚ್ ಒತ್ತುವ ಮೊದಲೇ. ಗನ್ ಮಾಡುವುದು ಇಷ್ಟೇ: ಆಗಲೇ ಆಗಿರುವ ತಪ್ಪನ್ನು ಕರಗಿಸಿ ಕಾಯಂ ಮಾಡುವುದು. ಹಾಗಾಗಿ ನಾನು ಮೊದಲು ನೋಡುವುದು ಇನ್ನೂ ಕಾಯಿಸದ ಕಾರ್ಡನ್ನು. ಗನ್ನಿನ ಸರದಿ ಆಮೇಲೆ.

ಹೊಸಬರಿಗೆ ಎರಡು ಮಾತು. ನಿಧಾನಕ್ಕೆ ಆರುವ ಇಂಕಿನಲ್ಲಿ ಅಚ್ಚು ಒತ್ತುತ್ತೇವೆ. ಅದು ಹಸಿ ಇರುವಾಗಲೇ ಎಂಬಾಸಿಂಗ್ ಪೌಡರ್ ಸುರಿಯುತ್ತೇವೆ. ಹೆಚ್ಚಾದ ಪುಡಿ ಕೊಡವಿ, ಉಳಿದದ್ದನ್ನು ಕಾಯಿಸುತ್ತೇವೆ. ಪುಡಿ ಅಂದರೆ ಪ್ಲಾಸ್ಟಿಕ್ ಜಾತಿಯ ರಾಳ, ನುಣ್ಣಗೆ ಅರೆದದ್ದು. ಬಿಸಿಗೆ ಕರಗಿ ಒಂದಾಗುತ್ತದೆ, ತಣಿದಾಗ ಉಬ್ಬಿಕೊಂಡೇ ಗಟ್ಟಿಯಾಗುತ್ತದೆ. ಮದುವೆ ಕಾಗದದ ಮೇಲೆ ಬೆರಳಾಡಿಸಿದಾಗ ಸಿಗುವ ಉಬ್ಬಕ್ಷರಗಳಲ್ಲಿ ಎಷ್ಟೋ ಇದೇ ಬಗೆಯವು. ಪ್ರೆಸ್ಸಿನವರು ಅದನ್ನು ಥರ್ಮೋಗ್ರಫಿ ಅನ್ನುತ್ತಾರೆ. ಅಲ್ಲಿ ಹಸಿ ಮುದ್ರಣದ ಮೇಲೆ ಪುಡಿ ಬಿದ್ದ ಕಾರ್ಡ್ ಬೆಲ್ಟಿನ ಮೇಲೆ ಹೀಟರ್ ಕೆಳಗೆ ಸಾಗುತ್ತದೆ. ಮನೆಯಲ್ಲಿ ಆ ಬೆಲ್ಟಿನ ಕೆಲಸ ನಮ್ಮ ಕೈಯದು.

ಮೊದಲು ಬೆರಳಿನ ಪರೀಕ್ಷೆ

ಯಾವ ಕಾರ್ಡ್ ಕೆಟ್ಟಿತೋ ಅದೇ ಶೀಟಿನ ಒಂದು ತುಂಡು ತಗೊಳ್ಳಿ. ಬೆರಳಿನ ತುದಿಯನ್ನು ಇಂಕ್ ಪ್ಯಾಡಿಗೆ ಮುಟ್ಟಿಸಿ ತುಂಡಿನ ಮೇಲೆ ಒತ್ತಿ. ಪುಡಿ ಹಾಕಿ, ಕೊಡವಿ, ಕಾಯಿಸಿ. ಒಂದು ನಿಮಿಷದ ಕೆಲಸ.

ಬೆರಳಚ್ಚು ಚೆನ್ನಾಗಿ ಉಬ್ಬಿ ಹೊಳೆದರೆ ಇಂಕು, ಪುಡಿ, ಕಾಗದ, ಗನ್ನು ನಾಲ್ಕೂ ಸರಿ ಇವೆ. ತಪ್ಪು ಸ್ಟ್ಯಾಂಪಿನಲ್ಲಿ ಇಲ್ಲವೇ ಒತ್ತುವ ಕೈಯಲ್ಲಿ. ಪುಡಿ ಅಂಟಲೇ ಇಲ್ಲ ಅಂದರೆ ಇಂಕು. ಬೆರಳಚ್ಚಿನ ಆಚೆಗೂ ಪುಡಿ ಹರಡಿದ್ದರೆ ಕಾಗದ. ಅಂಟಬೇಕಾದಲ್ಲೇ ಅಂಟಿ ಕರಗಲಿಲ್ಲ ಅಂದರೆ ಮಾತ್ರ ಗನ್ನಿನ ಕಡೆ ತಿರುಗಿ.

ಇನ್ನೊಂದು ಅಭ್ಯಾಸ ಇದೆ, ನಾನು ಎಂದೂ ಬಿಡುವುದಿಲ್ಲ. ಪುಡಿ ಕೊಡವಿದ ಮೇಲೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ನೇರ ಬೆಳಕಿನಲ್ಲಿ ಕಾಣದ ಕಣ, ಬಿಟ್ಟುಹೋದ ಗೆರೆ ಎಲ್ಲ ಓರೆಯಲ್ಲಿ ಎದ್ದು ಕಾಣುತ್ತವೆ. ಕರಗದ ಪುಡಿ ಬ್ರಷ್ಷಿಗೆ ಬರುತ್ತದೆ. ಕರಗಿದ್ದನ್ನು ಬ್ಲೇಡಿನಲ್ಲಿ ಕೆರೆದರೂ ಕಾಗದವೇ ಎದ್ದು ಬರುತ್ತದೆ.

ಪುಡಿ ಅಂಟುತ್ತಿಲ್ಲ, ಅಥವಾ ಅಲ್ಲಲ್ಲಿ ಮಾತ್ರ ಅಂಟಿದೆ

ಆಫೀಸಿನ ನೇರಳೆ ಸ್ಟ್ಯಾಂಪ್ ಪ್ಯಾಡಿನಲ್ಲಿ ಒತ್ತಿದಿರಾ? ಅದರ ಇಂಕನ್ನು ಕಾಗದ ಕ್ಷಣದಲ್ಲಿ ಕುಡಿದುಬಿಡುತ್ತದೆ. ಪುಡಿಗೆ ಕಚ್ಚಿಕೊಳ್ಳಲು ಮೇಲೆ ಹಸಿಯೇ ಉಳಿಯುವುದಿಲ್ಲ. ಬೇಕಾದದ್ದು ನಿಧಾನಕ್ಕೆ ಆರುವ ಪಿಗ್ಮೆಂಟ್ ಇಂಕು, ಇಲ್ಲವೇ ವರ್ಸಾಮಾರ್ಕ್ ತರಹದ ಬಣ್ಣವಿಲ್ಲದ ಅಂಟು ಇಂಕು. ಸಿಗದಿದ್ದರೆ ಸ್ಟ್ಯಾಂಪ್ ಪ್ಯಾಡಿನ ಇಂಕಿಗೆ ಮೆಡಿಕಲ್ ಸ್ಟೋರಿನ ಗ್ಲಿಸರಿನ್ ಒಂದೆರಡು ಹನಿ ಬೆರೆಸಿ, ಸ್ಪಂಜಿನ ಮೇಲೆ ಹಚ್ಚಿ ನಡೆಸಬಹುದು. ಗ್ಲಿಸರಿನ್ ಬೇಗ ಆರುವುದಿಲ್ಲ. ಜಾಸ್ತಿ ಆದರೆ ಮಾತ್ರ ಅಚ್ಚು ಹರಡಿ ದಪ್ಪಗಾಗುತ್ತದೆ.

ಇಂಕು ಸರಿಯಾದದ್ದೇ ಆಗಿದ್ದರೆ ಮೇಲೆ ನೋಡಿ, ಫ್ಯಾನ್ ತಿರುಗುತ್ತಿದೆಯೇ? ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತು ನಾಲ್ಕು ಕಾರ್ಡಿಗೆ ಸಾಲಾಗಿ ಅಚ್ಚು ಒತ್ತಿ, ಆಮೇಲೆ ಪುಡಿ ಹಾಕಲು ಹೋದರೆ ಮೊದಲನೆಯದು ಒಣಗಿರುತ್ತದೆ. ಒಂದು ಒತ್ತಿ, ಅದಕ್ಕೆ ಪುಡಿ ಹಾಕಿ, ಆಮೇಲೆ ಇನ್ನೊಂದು.

ಅಚ್ಚಿನ ನಡುವೆ ಮಾತ್ರ ಖಾಲಿ ಉಳಿದರೆ ಅದು ಒತ್ತಡದ ತಪ್ಪು. ಕಾರ್ಡಿನ ಕೆಳಗೆ ಹಳೆಯ ಮೌಸ್ ಪ್ಯಾಡೋ ಮಡಚಿದ ನ್ಯೂಸ್‌ಪೇಪರೋ ಇಡಿ. ಹೊಸ ಪಾರದರ್ಶಕ ಸ್ಟ್ಯಾಂಪಿನ ಮೇಲೆ ಇಂಕು ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ನಿಂತರೆ, ಪೆನ್ಸಿಲ್ ರಬ್ಬರಿನಿಂದ ಅದರ ಮುಖವನ್ನು ಒಮ್ಮೆ ಹಗುರಾಗಿ ಉಜ್ಜಿ. ಮೇಲಿನ ಜಿಡ್ಡುಪದರ ಹೋದ ಮೇಲೆ ಇಂಕು ಸಮನಾಗಿ ಹಿಡಿಯುತ್ತದೆ.

ಕನ್ನಡ ಅಕ್ಷರದ ಸ್ಟ್ಯಾಂಪು ರೆಡಿಮೇಡ್ ಸಿಗುವುದು ಕಡಿಮೆ. ನಾವು ಸೀಲ್ ಮಾಡುವ ಅಂಗಡಿಗೇ ಹೋಗಿ ಮಾಡಿಸುವುದು. ಅಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಒಳಗೇ ಇಂಕ್ ತುಂಬಿರುವ ಸೀಲ್ ಬೇಡ, ಹಿಡಿಕೆಗೆ ಅಂಟಿಸಿದ ಬರಿಯ ರಬ್ಬರ್ ಸೀಲ್ ಸಾಕು ಅಂತ. ಒಳಗಿನ ಇಂಕು ಉಗುಳುವ ಸೀಲಿಗೆ ನಮ್ಮ ಅಂಟು ಇಂಕು ಹಚ್ಚಿ ಪ್ರಯೋಜನವಿಲ್ಲ.

ಕೈಕಾಗದದ್ದು ಬೇರೆಯೇ ಕತೆ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚೂರುಗಳಿಂದ ಮಾಡುವಂಥ ಕಾಗದ ನೋಡಲು ಬಲು ಚೆಂದ. ಆದರೆ ಉಬ್ಬುತಗ್ಗಿನ ಮೈಯಿರುವ ಹಾಳೆಯ ತಗ್ಗುಗಳಿಗೆ ಸ್ಟ್ಯಾಂಪ್ ಮುಟ್ಟುವುದೇ ಇಲ್ಲ. ದಪ್ಪ ಗೆರೆಯ ಹೂವು, ಎಲೆ ನಡೆಯುತ್ತದೆ. ಸಣ್ಣ ಅಕ್ಷರವನ್ನು ನುಣುಪಾದ ಐವರಿ ಶೀಟಿನ ತುಂಡಿನ ಮೇಲೆ ಮಾಡಿ, ಅದನ್ನು ಕೈಕಾಗದಕ್ಕೆ ಅಂಟಿಸುವುದು ಜಾಣತನ.

ಬೇಡದ ಕಡೆಯೆಲ್ಲ ಪುಡಿ

ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ ಇದು. ಇದಕ್ಕೆ ಕಾರಣ ಒಂದೇ ಅಲ್ಲ. ಅದೃಷ್ಟಕ್ಕೆ, ಕಣಗಳು ಬಿದ್ದಿರುವ ಆಕಾರವೇ ಕಾರಣವನ್ನು ಹೇಳುತ್ತದೆ.

ಅರ್ಧಚಂದ್ರದ ಆಕಾರದಲ್ಲಿ ಅಂಚಿನ ಹತ್ತಿರ ಗುಂಪಾಗಿದ್ದರೆ ಅದು ನಿಮ್ಮದೇ ಬೆರಳು. ಕೈಯ ಎಣ್ಣೆ, ಬೆವರು ಕಾಗದಕ್ಕೆ ಹತ್ತಿದರೆ ಪುಡಿಗೆ ಅದೂ ಇಂಕೇ. ಚಕ್ಕುಲಿ ತಿನ್ನುತ್ತಾ ಕಾರ್ಡ್ ಮಾಡಬೇಡಿ ಅಂತ ಬೇರೆ ಹೇಳಬೇಕೇ? ನಾನು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅಕ್ಷರದ ಪಕ್ಕದಲ್ಲೇ ಅದರ ನೆರಳಿನ ಹಾಗೆ ಇನ್ನೊಂದು ತೆಳು ಗೆರೆ ಇದ್ದರೆ ಒತ್ತುವಾಗ ಸ್ಟ್ಯಾಂಪ್ ಜಾರಿದೆ. ಸ್ಟ್ಯಾಂಪನ್ನು ಹೊರಳಿಸಬೇಡಿ. ನೇರ ಇಟ್ಟು, ನೇರ ಒತ್ತಿ, ನೇರ ಎತ್ತಿ. ಅಕ್ಷರದ ಸುತ್ತ ಚೌಕದ ಗೆರೆ ಬಂದಿದ್ದರೆ ರಬ್ಬರಿನ ಅಂಚಿಗೂ ಇಂಕು ತಾಗಿದೆ. ಅಂಚನ್ನು ಬಟ್ಟೆಯಲ್ಲಿ ಒರೆಸಿ ಒತ್ತಿದರೆ ಮುಗಿಯಿತು.

ಕಣಗಳು ಶೀಟಿನ ತುಂಬ ಸಮನಾಗಿ ಚೆಲ್ಲಿದ್ದರೆ ಎರಡರಲ್ಲಿ ಒಂದು. ಕಾಗದದ ಹಿಂಬದಿಗೆ ಬೆರಳಿನಿಂದ ಟಕ್ ಅಂತ ಹೊಡೆಯಿರಿ. ಕಣ ಜಿಗಿದು ಪಕ್ಕದಲ್ಲಿ ಮತ್ತೆ ಕೂತರೆ ಅದು ಸ್ಥಿರ ವಿದ್ಯುತ್ತು. ಒಣಹವೆಯ ದಿನ ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಅದೇ. ಬಯಲುಸೀಮೆಯ ಚಳಿಗಾಲದಲ್ಲಿ, ಅದರಲ್ಲೂ ಶೀಟನ್ನು ಪ್ಲಾಸ್ಟಿಕ್ ಕವರಿನಿಂದ ಸರ್‍ರನೆ ಎಳೆದಾಗ, ಇದರ ಕಾಟ ಹೆಚ್ಚು. ಹೊಡೆದರೂ ಕಣ ಅಲುಗದಿದ್ದರೆ ಅದು ತೇವ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಇದೇ. ಕಾಗದ ಗಾಳಿಯ ತೇವ ಕುಡಿದು ಕೂತಿರುತ್ತದೆ. ಮುಟ್ಟಿದರೆ ಗೊತ್ತಾಗುವುದಿಲ್ಲ, ಪುಡಿಗೆ ಗೊತ್ತಾಗುತ್ತದೆ.

ಅಕ್ಕನ ಮಗಳು ಕಾಯಿಸದೆ ತೋರಿಸಿದ ಎರಡನೇ ಶೀಟಿನಲ್ಲೂ ಬಂಗಾರದ ಧೂಳು ಹಾಗೇ ಇತ್ತು. ಗನ್ ಇನ್ನೂ ಹೊತ್ತಿಸಿಯೇ ಇರಲಿಲ್ಲ. "ಹಿಂದಿನಿಂದ ಹೊಡಿ" ಅಂದೆ. ಹೊಡೆದಳು. ಒಂದು ಕಣವೂ ಅಲುಗಲಿಲ್ಲ.

ತೇವಕ್ಕೆ ಮದ್ದು ಸುಲಭ. ಅಚ್ಚು ಒತ್ತುವ ಮೊದಲೇ ಬರಿ ಶೀಟಿಗೆ ಗನ್ನಿನ ಬಿಸಿ ಐದಾರು ಸೆಕೆಂಡ್ ಆಡಿಸಿ, ಇಲ್ಲವೇ ನೀರು ಹಾಕದ ಇಸ್ತ್ರಿಪೆಟ್ಟಿಗೆಯನ್ನು ಹಿಂಬದಿಯಿಂದ ಒಮ್ಮೆ ಎಳೆಯಿರಿ. ತಣಿಯಲು ಬಿಡಿ. ಆಮೇಲೆ ಪುಡಿಚೀಲ ತಟ್ಟಿ. ತೆಳು ಹತ್ತಿ ಬಟ್ಟೆಯಲ್ಲಿ ಒಂದು ಚಮಚ ಟಾಲ್ಕಂ ಪೌಡರ್ ಅಥವಾ ಕಾರ್ನ್‌ಫ್ಲೋರ್ ಗಂಟು ಕಟ್ಟಿಕೊಂಡರೆ ಅದೇ ಪುಡಿಚೀಲ. ಶೀಟಿನ ಮೇಲೆ ಅದನ್ನು ಹಗುರಾಗಿ ಸವರಿದರೆ ತೇವ, ಜಿಡ್ಡು, ಸ್ಥಿರ ವಿದ್ಯುತ್ತು ಮೂರಕ್ಕೂ ಆಗುತ್ತದೆ. ಅಂಗಡಿಯಲ್ಲಿ ಇದನ್ನೇ ಆಂಟಿ ಸ್ಟ್ಯಾಟಿಕ್ ಬ್ಯಾಗ್ ಅಂತ ಮಾರುತ್ತಾರೆ. ಮಗುವಿಗೆ ಪೌಡರ್ ಹಾಕಿದ ಹಾಗೆ ಹಾಕಿದರೆ ಮಾತ್ರ ಕೆಟ್ಟಿತು, ಇಂಕಿಗೂ ಪುಡಿ ಹಿಡಿಯುವುದಿಲ್ಲ, ಹೊಳಪೂ ಮಂಕು. ಕಡುಬಣ್ಣದ ಶೀಟಿನಲ್ಲಿ ಉಳಿದ ಬಿಳಿ ಛಾಯೆಯನ್ನು ಕಾಯಿಸಿ ತಣಿದ ಮೇಲೆ ಒಣ ಬ್ರಷ್ಷಿನಲ್ಲಿ ತೆಗೆಯಿರಿ.

ಗನ್ ತೋರಿಸಿದ ಕೂಡಲೇ ಪುಡಿ ಹಾರುತ್ತದೆ

ಗನ್ ಹೊತ್ತಿಸಿದ ತಕ್ಷಣ ಬರುವುದು ಬರಿ ಗಾಳಿ. ಕಾರ್ಡಿನಿಂದ ದೂರ ಹಿಡಿದು ಹತ್ತು ಹದಿನೈದು ಸೆಕೆಂಡ್ ಕಾಯಲಿ, ಆಮೇಲೆ ಹತ್ತಿರ ತನ್ನಿ. ಆದರೂ ಹಾರಿದರೆ ಕೆಳಗಿನಿಂದ ಕಾಯಿಸಿ. ಕಾರ್ಡನ್ನು ಇಕ್ಕಳದಲ್ಲಿ ಹಿಡಿದು, ಬಿಸಿ ಹಿಂಬದಿಗೆ ತಾಗುವಂತೆ ಮಾಡಿದರೆ ಪುಡಿ ಅಲುಗುವುದೇ ಇಲ್ಲ.

ತರಿತರಿಯಾಗಿ ನಿಂತಿದೆ, ಉಜ್ಜಿದರೆ ಉದುರುತ್ತದೆ

ಈಗ ಗನ್ನಿನ ಸರದಿ. ಸರಿಯಾಗಿ ಕರಗುವ ಗಳಿಗೆ ಕಣ್ಣಿಗೆ ಕಾಣುತ್ತದೆ. ಮೊದಲು ಪುಡಿ ಒಣ ರವೆಯ ಹಾಗೆ ಮಂಕಾಗಿರುತ್ತದೆ. ಆಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ. ಇನ್ನೊಂದು ಕ್ಷಣಕ್ಕೆ ಹೆಪ್ಪುಗಟ್ಟಿದ ತುಪ್ಪ ಕರಗಿದ ಹಾಗೆ ನುಣ್ಣಗೆ ಹೊಳೆದುಬಿಡುತ್ತದೆ. ಹೊಳಪು ಬಂದ ಜಾಗದಲ್ಲಿ ನಿಲ್ಲಬೇಡಿ, ಗನ್ನನ್ನು ಮುಂದೆ ಸರಿಸಿ. ಹೆಚ್ಚಿನವರು ಕಿತ್ತಳೆ ಸಿಪ್ಪೆಗೇ ಆಯಿತು ಅಂದುಕೊಂಡು ನಿಲ್ಲಿಸುತ್ತಾರೆ. ಉದುರುವುದು ಅದೇ. ಇದಕ್ಕೆ ಹೊಸ ಕಾರ್ಡ್ ಬೇಡ, ಅದನ್ನೇ ಮತ್ತೆ ಕಾಯಿಸಿದರೆ ಸಾಕು.

ಎಷ್ಟು ಹೊತ್ತಾದರೂ ಹೊಳಪು ಬರದಿದ್ದರೆ ಕೈಯಲ್ಲಿರುವುದು ಏನು ಅಂತ ನೋಡಿ. ಕೂದಲು ಒಣಗಿಸುವ ಡ್ರೈಯರ್ ಆಗುವುದಿಲ್ಲ. ಅದಕ್ಕೆ ಗಾಳಿ ಜಾಸ್ತಿ, ಬಿಸಿ ಕಡಿಮೆ. 100 ಡಿಗ್ರಿ ಮುಟ್ಟುವುದೇ ಕಷ್ಟ. ಕ್ರಾಫ್ಟ್ ಕೆಲಸದ ಸಣ್ಣ ಗನ್ 300 ವ್ಯಾಟ್ ಆಸುಪಾಸಿನದು, ಗಾಳಿ ಮೆಲ್ಲಗೆ, ಬಿಸಿ ಒಂದೇ ಕಡೆ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ಸುಲಿಯುವ ಗನ್ 1800 ವ್ಯಾಟ್, 2000 ವ್ಯಾಟ್ ಇರುತ್ತದೆ. ಕಡಿಮೆ ಸೆಟ್ಟಿಂಗಿನಲ್ಲೇ ಸಾಮಾನ್ಯವಾಗಿ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದರಲ್ಲೂ ಕೆಲಸ ಆಗುತ್ತದೆ, ಗೇಣುದ್ದ ದೂರ ಹಿಡಿದು ಆಡಿಸುತ್ತಿರಬೇಕು ಅಷ್ಟೆ. ಆದರೆ ಅದನ್ನು ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಪ್ಲಗ್ಗಿಗೆ ಹಾಕಬೇಡಿ. 1800 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಸುಮಾರು 7.8 ಆಂಪಿಯರ್. ಗೀಸರ್ ಹಾಕುವ 16 ಆಂಪಿಯರ್ ಪವರ್ ಪ್ಲಗ್ಗೇ ಬೇಕು. ಮನೆಯ ಯುಪಿಎಸ್ ಮೇಲೂ ಬೇಡ.

ಗನ್ ಸರಿ ಇದೆ, ಆದರೂ ತರಿ. ಹೀಗಾದಾಗ ಗಡಿಯಾರ ನೋಡಿ. ಊರಿನ ಕಡೆ ಸಂಜೆ ಎಲ್ಲರ ಮನೆಯ ಲೈಟು, ಟಿವಿ ಹೊತ್ತಿದ ಮೇಲೆ ವೋಲ್ಟೇಜ್ ಕುಸಿಯುತ್ತದೆ. ಬಿಸಿಯ ತಂತಿಗೆ ಇದು ಜೋರಾಗಿ ತಟ್ಟುತ್ತದೆ. ಶಕ್ತಿ ಕುಸಿಯುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. 230 ಬದಲು 180 ವೋಲ್ಟ್ ಬಂದರೆ ಗನ್ನಿನ ಶಕ್ತಿ ಸುಮಾರು ನೂರರಲ್ಲಿ 61 ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಕಾಲು ಭಾಗ ಕೂಡ ಇಳಿದಿರುವುದಿಲ್ಲ, ಬಿಸಿ ಮಾತ್ರ ಸೊರಗಿರುತ್ತದೆ. ಬಲ್ಬ್ ಮಂಕಾಗಿದೆಯೇ, ಫ್ಯಾನ್ ನಿಧಾನವಾಗಿದೆಯೇ ನೋಡಿ. ತೀರ್ಥಹಳ್ಳಿಯಲ್ಲಿ ಅವತ್ತು ಆಗಿದ್ದೂ ಇದೇ. "ಫ್ಯಾನ್ ಹೇಗೆ ತಿರುಗ್ತಿದೆ?" ಅಂತ ಕೇಳಿದೆ. ಕ್ಯಾಮೆರಾ ಮೇಲೆತ್ತಿದಳು. ರೆಕ್ಕೆ ಎಣಿಸಬಹುದಿತ್ತು. ಮಾರನೇ ದಿನ ಬೆಳಿಗ್ಗೆ ಅದೇ ಗನ್ನಿನಲ್ಲಿ, ಅದೇ ಪುಡಿಯಲ್ಲಿ ಅಕ್ಷರ ತುಪ್ಪದ ಹಾಗೆ ಕರಗಿತು.

ವೋಲ್ಟೇಜ್ ಬರುವವರೆಗೆ ಕಾಯಲು ಆಗದಿದ್ದರೆ ದೋಸೆ ಹೆಂಚು ಇದೆ. ಚೆನ್ನಾಗಿ ಕಾಯಿಸಿ, ಒಲೆ ಆರಿಸಿ, ಕಾರ್ಡನ್ನು ಇಕ್ಕಳದಲ್ಲಿ ಹಿಡಿದು ಹೆಂಚಿನ ಮೇಲೆ ಎರಡು ಬೆರಳು ಎತ್ತರದಲ್ಲಿ ಆಡಿಸಿ, ಪುಡಿಯ ಮುಖ ಮೇಲಕ್ಕಿರಲಿ. ಸಣ್ಣ ಅಚ್ಚಿಗೆ ಚೆನ್ನಾಗಿ ಆಗುತ್ತದೆ. ಉರಿಯುವ ಒಲೆಯ ಮೇಲೆ ಮಾತ್ರ ಬೇಡ. ಕಿಟಕಿ ತೆಗೆದಿರಲಿ, ಮಕ್ಕಳು ದೂರ ಇರಲಿ.

ಉಬ್ಬು ಇಳಿದು ಚಪ್ಪಟೆ, ಸುತ್ತ ಎಣ್ಣೆ ಕಲೆ

ಇದು ತರಿತರಿಗೆ ತದ್ವಿರುದ್ಧ. ಜಾಸ್ತಿ ಕಾಯಿಸಿದ್ದೀರಿ. ಹೊಳೆಯುವ ಗಳಿಗೆ ದಾಟಿದ ಮೇಲೆ ರಾಳ ಕಾಗದದೊಳಗೆ ಇಳಿಯುತ್ತದೆ, ಹಿಂಬದಿಯಲ್ಲಿ ಬೋಂಡಾ ಕಟ್ಟಿದ ಕಾಗದದ ಹಾಗೆ ಕಲೆ ಕಾಣುತ್ತದೆ. ಬಿಳಿ ಪುಡಿಯಾದರೆ ಹಳದಿಗೆ ತಿರುಗುತ್ತದೆ. ಅಕ್ಷರ ಇನ್ನೂ ಬಿಸಿಯಿರುವಾಗಲೇ ಮತ್ತೊಂದು ಪದರ ಪುಡಿ ಉದುರಿಸಿ ಕರಗಿಸಿದರೆ ಉಬ್ಬು ಸ್ವಲ್ಪ ಮರಳಬಹುದು. ಎಣ್ಣೆ ಕಲೆ ಮಾತ್ರ ಹೋಗುವುದಿಲ್ಲ. ನಾನಾದರೆ ಅದನ್ನು ಎಸೆದು ಹೊಸದು ಮಾಡುತ್ತೇನೆ.

ಒತ್ತಕ್ಷರ ತುಂಬಿಹೋಗಿದೆ

ಕನ್ನಡದಲ್ಲಿ ಕಾರ್ಡ್ ಮಾಡುವವರಿಗೆ ಇದು ಖಾಯಂ ತಲೆನೋವು. 'ಹುಟ್ಟುಹಬ್ಬದ ಶುಭಾಶಯಗಳು' ಅಂತ ಒತ್ತುತ್ತೀರಿ. 'ಟ್ಟು', 'ಬ್ಬ' ಇವುಗಳ ಕೆಳಗಿನ ಪುಟ್ಟ ಸುರುಳಿ ಪುಡಿ ಕರಗಿದ ಮೇಲೆ ಮುಚ್ಚಿಹೋಗಿ ಬರಿ ಚುಕ್ಕೆಯಾಗುತ್ತದೆ. ಸೊನ್ನೆಯೂ ಹಾಗೆ, ನಡುವಿನ ಬಯಲು ಮಾಯವಾಗಿ ಗುಂಡು ಉಳಿಯುತ್ತದೆ. ಪುಡಿಯಲ್ಲೂ ದಪ್ಪ, ಸಣ್ಣ ಅಂತ ಇದೆ. ಮಾಮೂಲಿ ಪುಡಿ ಹೂಬಳ್ಳಿಗೆ ಸರಿ. ಅಕ್ಷರಕ್ಕೆ ಡಬ್ಬಿಯ ಮೇಲೆ ಡಿಟೇಲ್ ಅಥವಾ ಸೂಪರ್ ಫೈನ್ ಅಂತ ಬರೆದದ್ದನ್ನೇ ತರಬೇಕು. ಅಲ್ಟ್ರಾ ಥಿಕ್ ಅಂತೂ ಅಕ್ಷರದ ಹತ್ತಿರ ಸುಳಿಯಬಾರದು.

ಸೀಲ್ ಮಾಡಿಸುವಾಗಲೇ ಎಚ್ಚರ ವಹಿಸುವುದು ಇನ್ನೂ ಒಳ್ಳೆಯದು. ನನ್ನ ಮೊದಲ ಸೀಲು ಅರ್ಧ ಇಂಚು ಎತ್ತರದ್ದು, ಅಕ್ಷರವೂ ದಪ್ಪ. ಎಂಥ ಪುಡಿ ಹಾಕಿದರೂ 'ಬ್ಬ' ಉಬ್ಬಿದ ಜೋಳದ ಕಾಳು. ಎರಡನೆಯದನ್ನು ತೆಳು ಗೆರೆಯ ಅಕ್ಷರದಲ್ಲಿ, ಎರಡು ಸಾಲು ಮಾಡಿ, ಒತ್ತಕ್ಷರಕ್ಕೆ ಜಾಗ ಬಿಟ್ಟು ಮಾಡಿಸಿದೆ. ಕಾಗದದ ಮೇಲೆ ಬರಿ ಇಂಕಿನಲ್ಲಿ ಒತ್ತಿದಾಗ ಸ್ವಲ್ಪ ಬಡಕಲಾಗಿ ಕಾಣಬೇಕು. ಪುಡಿ ಕರಗಿದ ಮೇಲೆ ಮೈ ತುಂಬಿಕೊಳ್ಳುತ್ತದೆ. ಒತ್ತಕ್ಷರ ಬೇಡವೇ ಬೇಡ ಅಂದರೆ 'ಶುಭವಾಗಲಿ' ಅಂತ ಒತ್ತಿ, ಕೆಲಸ ಹಗುರ.

ಕಾರ್ಡ್ ಹಪ್ಪಳದ ಹಾಗೆ ಮುರುಟಿದೆ

ಒಂದು ಕಡೆಯ ತೇವ ಮಾತ್ರ ಆರಿದ್ದರಿಂದ ಹೀಗಾಗುತ್ತದೆ. ಹಿಂಬದಿಗೂ ಸ್ವಲ್ಪ ಬಿಸಿ ತೋರಿಸಿ, ಅಕ್ಷರ ಪೂರ್ತಿ ತಣಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ. ಬಿಸಿ ಇರುವಾಗಲೇ ಇಟ್ಟರೆ ಅಕ್ಷರ ಪುಸ್ತಕಕ್ಕೆ ಅಂಟುತ್ತದೆ. ಮುಂದಿನ ಸಲಕ್ಕೆ 250 ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಶೀಟ್ ತನ್ನಿ. ಬೆಂಗಳೂರಿಗೆ ಹೋದಾಗ ನಾನು ಸುಲ್ತಾನ್‌ಪೇಟೆಯ ಮದುವೆ ಕಾರ್ಡ್ ಅಂಗಡಿಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆ.

ಬಿಳಿಯಲ್ಲಿ ಬಂಗಾರದ ಚುಕ್ಕೆ

ಕೊಡವಿದ ಪುಡಿಯನ್ನು ಬೇರೆ ಡಬ್ಬಿಗೆ ಸುರಿದಿದ್ದೀರಿ, ಇಲ್ಲವೇ ಕೆಳಗೆ ಹಾಸಿದ ಹಾಳೆ ಬದಲಿಸಿಲ್ಲ. ಬೆರೆತದ್ದನ್ನು ಬೇರೆ ಮಾಡಲು ಬರುವುದಿಲ್ಲ. ಆ ಡಬ್ಬಿಗೆ 'ಬೆರಕೆ' ಅಂತ ಚೀಟಿ ಅಂಟಿಸಿ ದೀಪಾವಳಿ ಕಾರ್ಡಿನ ನಕ್ಷತ್ರಗಳಿಗೆ ಇಟ್ಟುಕೊಳ್ಳಿ.

ಎಲ್ಲ ಸರಿ ಬಂದ ಮೇಲೆ ಕೆಡುವುದು

ಡಬಲ್ ಟೇಪು, ಫೋಮ್ ಟೇಪು, ರಿಬ್ಬನ್, ಚಮಕಿ ಎಲ್ಲ ಅಂಟಿಸಿ ಕೊನೆಗೆ ಎಂಬಾಸಿಂಗ್ ಮಾಡಲು ಹೋಗಬೇಡಿ. ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ಚಮಕಿ ಮುದುಡುತ್ತದೆ. ಉಬ್ಬಕ್ಷರ ಮೊದಲು, ಅಲಂಕಾರ ಆಮೇಲೆ. ಸುತ್ತ ವಾಟರ್ ಕಲರ್ ಹಚ್ಚುವುದಿದ್ದರೂ ಅಷ್ಟೇ. ಪೂರ್ತಿ ಕರಗಿದ ಅಕ್ಷರದ ಮೇಲೆ ಬಣ್ಣ ನಿಲ್ಲುವುದಿಲ್ಲ, ಒರೆಸಿದರೆ ಹೋಗುತ್ತದೆ. ಅರೆಬರೆ ಕರಗಿದ್ದರೆ ತರಿಗಳ ನಡುವೆ ಬಣ್ಣ ಇಳಿದು ಕೊಳಕಾಗುತ್ತದೆ.

ಅಜ್ಜನ ಕಾರ್ಡ್ ಮುಗಿದ ದಿನ ಮತ್ತೆ ಫೋನ್ ಬಂತು. ಅಕ್ಷರ ಹೊಳೆಯುತ್ತಿತ್ತು, 'ಟ್ಟು' 'ಟ್ಟು'ವಿನ ಹಾಗೇ ಕಾಣುತ್ತಿತ್ತು, ಧೂಳಿಲ್ಲ.

"ಚಿಕ್ಕಮ್ಮ, ಮಳೇಲಿ ಒದ್ದೆ ಆಗಬಾರದಲ್ಲ, ಜೆರಾಕ್ಸ್ ಅಂಗಡೀಲಿ ಲ್ಯಾಮಿನೇಷನ್ ಮಾಡಿಸ್ಕೊಂಡು ಬರ್ತೀನಿ."

"ಬೇಡ್ವೇ ಮಾರಾಯ್ತಿ! ಅದು ಬಿಸಿ ರೋಲರ್. ಅಕ್ಷರ ಎಲ್ಲ ಚಪ್ಪಟೆ ಆಗಿಬಿಡುತ್ತೆ. ಸುಮ್ನೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡು ಬಾ."